ಭಾವಕನ ಕೂಲಿ: ಸ್ಟೀಮ್ ಜಾಲದ ಆಯ್ಕೆಕ್ರಮವನ್ನು ಕುರಿತು ಒಂದು ವಿಮರ್ಶೆ

೧

ಕಾವ್ಯವನ್ನು ರಚಿಸುವ ಶಕ್ತಿ ಬೇರೆ, ರಚಿತವಾದುದರ ಗುಣವನ್ನು ಕಂಡರಿಯುವ ಶಕ್ತಿ ಬೇರೆ ಎಂಬ ವಿವೇಚನೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಹಳೆಯದು. ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಮೊದಲನೆಯದನ್ನು ಕಾರಯಿತ್ರೀ ಪ್ರತಿಭೆಯೆಂದೂ ಎರಡನೆಯದನ್ನು ಭಾವಯಿತ್ರೀ ಪ್ರತಿಭೆಯೆಂದೂ ಹೆಸರಿಸಿ, ಎರಡನೆಯ ಶಕ್ತಿಯುಳ್ಳವನನ್ನು ಭಾವಕನೆಂದು ಕರೆದನು. ಕವಿಯ ಶ್ರಮವು ಫಲಕ್ಕೆ ಬರುವುದು ಭಾವಕನಿಂದಲೇ ಎಂಬುದು ಅವನ ಅಭಿಪ್ರಾಯ. ಕವಿಗೆ ರಾಜಾಶ್ರಯವುಂಟು, ದತ್ತಿಯುಂಟು, ಬಿರುದುಂಟು. ಇಂದಿನ ಕಾಲದಲ್ಲಿ ಗೌರವಧನವೂ ಬಹುಮಾನವೂ ಉಂಟು. ಆದರೆ ನೂರು ಬರಹಗಳನ್ನು ಓದಿ, ತೊಂಬತ್ತೈದನ್ನು ಬದಿಗಿಟ್ಟು, ಉಳಿದ ಐದನ್ನು ಲೋಕಕ್ಕೆ ತೋರಿಸುವ ಭಾವಕನಿಗೆ ಕೂಲಿ ಯಾವುದು? ಅದನ್ನು ಯಾವ ಅಳತೆಯಿಂದ ಕೊಡಬೇಕು?

ಈ ಪ್ರಶ್ನೆಗೆ ೨೦೧೬ರಲ್ಲಿ ಒಂದು ಉತ್ತರವನ್ನು ಕೊಡುವ ಪ್ರಯತ್ನ ನಡೆಯಿತು. ಆ ವರ್ಷದ ಮಾರ್ಚಿಯಲ್ಲಿ ಡ್ಯಾನ್ ಲಾರಿಮರ್ ಮತ್ತು ನೆಡ್ ಸ್ಕಾಟ್ ಎಂಬಿಬ್ಬರು ಆರಂಭಿಸಿದ ಸ್ಟೀಮ್ ಎಂಬ ಜಾಲವು, ಬರೆದವನಿಗೆ ಮಾತ್ರವಲ್ಲದೆ ಒಳ್ಳೆಯ ಬರಹವನ್ನು ಗುರುತಿಸಿ ಮತವಿತ್ತ ಓದುಗನಿಗೂ ಹಣವನ್ನು ಕೊಡುವ ವ್ಯವಸ್ಥೆಯನ್ನು ಕಲ್ಪಿಸಿತು. ಈ ಗುರುತಿಸುವಿಕೆಗೆ ಅಲ್ಲಿ ‘ಕ್ಯುರೇಷನ್’ ಎಂದು ಹೆಸರು. ನಾವು ಅದನ್ನು ಆಯ್ಕೆ ಎಂದೇ ಕರೆಯೋಣ. ಸಾಹಿತ್ಯವಿಮರ್ಶಕರು ಇದನ್ನು ಹಣಕಾಸಿನವರ ವಿಷಯವೆಂದು ಬದಿಗೊತ್ತಿರುವುದು ಸಹಜ. ಆದರೆ ಭಾವಯಿತ್ರೀ ಪ್ರತಿಭೆಗೆ ಲೆಕ್ಕದ ಸೂತ್ರವೊಂದನ್ನು ಕಟ್ಟಿ, ಅದನ್ನು ಸಹಸ್ರಾರು ಜನರ ನಡುವೆ ವರ್ಷಗಟ್ಟಲೆ ನಡೆಸಿನೋಡಿದ ಪ್ರಯೋಗವು ಮೀಮಾಂಸೆಗೆ ಸಂಬಂಧಿಸದ ವಿಷಯವೆಂದು ನಾವು ಭಾವಿಸುವುದಿಲ್ಲ.

ಈ ವಿಮರ್ಶೆಯನ್ನು ತೆಂಗಿನ ಸೀಮೆಯಿಂದ ಬರೆಯುವುದಕ್ಕೆ ಎರಡು ಕಾರಣಗಳುಂಟು. ಭಾರತೀಯ ಕಾವ್ಯಮೀಮಾಂಸೆಯನ್ನು ಸಮಗ್ರವಾಗಿ ಕನ್ನಡದಲ್ಲಿ ನಿರೂಪಿಸಿದ ತೀ. ನಂ. ಶ್ರೀಕಂಠಯ್ಯನವರು (೧೯೦೬–೧೯೬೬) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ೧೯೫೩ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’ ಸಹೃದಯನೆಂದರೆ ಯಾರೆಂಬುದನ್ನು ಕನ್ನಡ ಓದುಗರಿಗೆ ಶಾಸ್ತ್ರೀಯವಾಗಿ ತಿಳಿಸಿಕೊಟ್ಟ ಗ್ರಂಥ. ಇದು ಮೊದಲನೆಯ ಕಾರಣ. ಎರಡನೆಯದು, ಅದೇ ಸೀಮೆಯ ತಿಪಟೂರಿನಲ್ಲಿ ಗುಣಪರೀಕ್ಷೆ ಮತ್ತು ಬೆಲೆಕಟ್ಟುವಿಕೆ ನಿತ್ಯದ ಬಾಳಿನ ಮಾತಾಗಿರುವ ಒಂದು ದೊಡ್ಡ ಕೊಬ್ಬರಿ ಮಾರುಕಟ್ಟೆಯಿದೆ. ಜಾಲದ ಸೂತ್ರವನ್ನು ಪರೀಕ್ಷಿಸುವುದಕ್ಕೆ ಶಾಸ್ತ್ರದ ಒರೆಗಲ್ಲೊಂದು, ಮಾರುಕಟ್ಟೆಯ ಒರೆಗಲ್ಲೊಂದು ಹೀಗೆ ಒಂದೇ ನೆಲದಲ್ಲಿ ದೊರೆತಿವೆ.

೨

ಮೊದಲು ಸೂತ್ರವನ್ನು ತಿಳಿಯೋಣ. ಬ್ಲಾಕ್‌ಚೈನ್ ಎಂಬುದು ಯಾರೊಬ್ಬರ ವಶದಲ್ಲಿಯೂ ಇರದ, ಅನೇಕ ಗಣಕಗಳಲ್ಲಿ ಏಕಕಾಲಕ್ಕೆ ಬರೆದಿಡಲಾಗುವ ಲೆಕ್ಕದ ಪುಸ್ತಕ. ಒಮ್ಮೆ ಬರೆದ ಪುಟವನ್ನು ಆಮೇಲೆ ಗುಟ್ಟಾಗಿ ತಿದ್ದುವಂತಿಲ್ಲ. ಸ್ಟೀಮ್ ಜಾಲದಲ್ಲಿ ಬರಹಗಳೂ, ಅವುಗಳಿಗೆ ಬಿದ್ದ ಮತಗಳೂ, ಮತವಿತ್ತವರ ಹೆಸರು ಮತ್ತು ಹೊತ್ತುಗಳೂ ಈ ಪುಸ್ತಕದಲ್ಲಿ ದಾಖಲಾಗುತ್ತವೆ. ಜಾಲವು ನಿಯತವಾಗಿ ಹೊಸ ನಾಣ್ಯಗಳನ್ನು ಹುಟ್ಟಿಸುತ್ತದೆ. ಅವುಗಳ ಹೆಚ್ಚಿನ ಪಾಲು ಒಂದು ಬಹುಮಾನದ ನಿಧಿಗೆ ಸೇರುತ್ತದೆ. ಆ ನಿಧಿಯು ಮತಗಳಿಗೆ ಅನುಸಾರವಾಗಿ ಬರಹಗಳಿಗೆ ಹಂಚಿಕೆಯಾಗುತ್ತದೆ. ಒಂದು ಬರಹಕ್ಕೆ ದೊರೆತ ಮೊತ್ತದಲ್ಲಿ ೨೦೧೯ರ ಆಗಸ್ಟಿನವರೆಗೆ ಸ್ಥೂಲವಾಗಿ ನೂರಕ್ಕೆ ೭೫ ಪಾಲು ಲೇಖಕನಿಗೂ ೨೫ ಪಾಲು ಮತವಿತ್ತವರಿಗೂ ಸಲ್ಲುತ್ತಿತ್ತು. ಆ ಬಳಿಕ ಅದನ್ನು ಸಮಪಾಲು ಮಾಡಲಾಯಿತು.

ಇಲ್ಲಿ ಲಕ್ಷಿಸಬೇಕಾದ ಅಂಶಗಳು ನಾಲ್ಕು. ಒಂದು: ಎಲ್ಲರ ಮತವೂ ಸಮವಲ್ಲ. ಯಾರು ಎಷ್ಟು ನಾಣ್ಯವನ್ನು ಜಾಲದಲ್ಲಿ ತೊಡಗಿಸಿರುವರೋ ಅವರ ಮತಕ್ಕೆ ಅಷ್ಟು ತೂಕ. ೨೦೧೭ರ ಜೂನ್‌ವರೆಗಂತೂ ಒಂದು ಬರಹದ ಪಾಲು ಅದಕ್ಕೆ ಬಿದ್ದ ಮತಗಳ ತೂಕದ ವರ್ಗಕ್ಕೆ ಅನುಗುಣವಾಗಿತ್ತು. ಎಂದರೆ, ಹತ್ತುಪಟ್ಟು ತೂಕದ ಮತ ಪಡೆದ ಬರಹಕ್ಕೆ ನೂರುಪಟ್ಟು ಪಾಲು. ಎರಡು: ಮತ ಕೊಡುವುದರಿಂದ ಮತದಾರನ ಗಂಟು ಕರಗುವುದಿಲ್ಲ. ಅವನ ಮತಶಕ್ತಿ ಸ್ವಲ್ಪ ಕುಗ್ಗುತ್ತದೆ, ಮತ್ತೆ ದಿನಕ್ಕೆ ನೂರಕ್ಕೆ ೨೦ರಂತೆ ತಾನೇ ತುಂಬಿಕೊಳ್ಳುತ್ತದೆ. ೨೦೧೭ರ ಬದಲಾವಣೆಯ ನಂತರದ ಲೆಕ್ಕದಲ್ಲಿ ದಿನಕ್ಕೆ ಸುಮಾರು ಹತ್ತು ಪೂರ್ಣಮತಗಳು. ಮೂರು: ಮೊದಲು ಮತವಿತ್ತವನ ಪಾಲು, ಅವನ ಅನಂತರ ಬರುವ ಮತಗಳಿಂದ ಬೆಳೆಯುತ್ತಿತ್ತು. ಇತರರಿಗಿಂತ ಮುಂಚೆ ಗುಣವನ್ನು ಕಂಡವನಿಗೆ ಹೆಚ್ಚಿನ ಕೂಲಿ ಎಂಬುದು ಇದರ ಉದ್ದೇಶ. ನಾಲ್ಕು: ೨೦೧೭ರಿಂದ ಈಚೆಗೆ ಬರಹವೊಂದರ ಗಳಿಕೆಯ ಅವಧಿ ಏಳೇ ದಿನ. ಎಂಟನೆಯ ದಿನ ಬರುವ ಓದುಗನ ಮೆಚ್ಚಿಕೆ ಪುಸ್ತಕದಲ್ಲಿ ದಾಖಲಾಗಬಹುದು, ಹಣವಾಗುವುದಿಲ್ಲ.

ಈ ಸೂತ್ರದ ಹಿಂದಿರುವ ಒಂದು ಸತ್ಯವನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು. ಆಯ್ಕೆಯೂ ದುಡಿಮೆಯೇ ಎಂಬುದನ್ನು ನಮ್ಮ ಸಾಹಿತ್ಯಲೋಕವು ಬಾಯಲ್ಲಿ ಒಪ್ಪಿ ಕೈಯಲ್ಲಿ ಒಪ್ಪದೆ ಬಂದಿದೆ. ಹಸ್ತಪ್ರತಿಯನ್ನು ಓದಿ ತೂಗುವವನ ವೇಳೆಗೆ ಬೆಲೆಯುಂಟೆಂದು ಲೆಕ್ಕದ ಪುಸ್ತಕದಲ್ಲಿಯೇ ಬರೆದುಕೊಂಡ ವ್ಯವಸ್ಥೆಯನ್ನು ಲಘುವಾಗಿ ಕಾಣುವುದು ನ್ಯಾಯವಲ್ಲ. ನಮ್ಮ ಆಕ್ಷೇಪ ಕೂಲಿ ಕೊಟ್ಟದ್ದಕ್ಕಲ್ಲ. ಕೂಲಿಯನ್ನು ಅಳೆದ ಕೊಳಗಕ್ಕೆ.

೩

ಈಗ ತಿಪಟೂರಿಗೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳಲ್ಲಿ ಬಲಿತ ಕಾಯನ್ನು ಕೊಬ್ಬರಿಗೆಂದು ಇಡುವವರು ಅದನ್ನು ಸಿಪ್ಪೆಸಹಿತ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಅದು ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಾಯನ್ನು ಕೈಯಲ್ಲಿ ಹಿಡಿದು ಕಿವಿಯ ಬಳಿ ಅಲುಗಿಸಿದರೆ ಉಂಡೆ ಒಳಗೆ ಉರುಳಿ ಸದ್ದು ಮಾಡುತ್ತದೆ. ಸದ್ದು ಬಾರದ ಕಾಯಿ ಇನ್ನೂ ಕಾಯಬೇಕು. ಬಳಿಕ ಸಿಪ್ಪೆ ಸುಲಿದು, ಕರಟವನ್ನು ಎಚ್ಚರದಿಂದ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ. ಆ ಮೇಲೆ ಅದು ಚೀಲಗಳಲ್ಲಿ ಮಂಡಿಗೆ ಬರುತ್ತದೆ.

ಮಂಡಿಯಲ್ಲಿ ನಡೆಯುವ ಕ್ರಮ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯು ಬಂದ ಬಳಿಕ ಇಲ್ಲಿ ವ್ಯಾಪಾರವು ಗಣಕದ ಮೂಲಕ, ಟೆಂಡರಿನ ರೀತಿಯಲ್ಲಿ ನಡೆಯುತ್ತಿದೆ. ರೈತನ ರಾಶಿಗೆ ಒಂದು ಸಂಖ್ಯೆ ಬೀಳುತ್ತದೆ. ವರ್ತಕರು ರಾಶಿಯನ್ನು ನೋಡುತ್ತಾರೆ: ಗಾತ್ರ, ಬಣ್ಣ, ತೇವ, ಬೂಷ್ಟು, ಕಮಟು ವಾಸನೆ. ಅನಂತರ ಪ್ರತಿಯೊಬ್ಬನೂ ತನ್ನ ಬೆಲೆಯನ್ನು ಗೊತ್ತಾದ ಹೊತ್ತಿನೊಳಗೆ ನಮೂದಿಸುತ್ತಾನೆ. ಒಬ್ಬನು ನಮೂದಿಸಿದ ಬೆಲೆ ಮತ್ತೊಬ್ಬನಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಎಲ್ಲಕ್ಕಿಂತ ಮೇಲಿನ ಬೆಲೆ ಪ್ರಕಟವಾಗುತ್ತದೆ. ಅದನ್ನು ನುಡಿದವನು ಸರಕನ್ನು ಕೊಳ್ಳಬೇಕು. ಬೆಲೆ ಒಪ್ಪದ ರೈತನು ಮಾರದೆ ಉಳಿಯಬಹುದು.

ಈ ಕ್ರಮದಲ್ಲಿ ಎರಡು ಗುಣಗಳಿವೆ. ಬೆಲೆ ಮುಚ್ಚಿದ್ದರಿಂದ ವರ್ತಕನು ನೆರೆಯವನ ಮುಖವನ್ನು ನೋಡಿ ಬೆಲೆಯೇರಿಸುವಂತಿಲ್ಲ; ತಾನು ಕಂಡುದನ್ನೇ ನಂಬಬೇಕು. ತಪ್ಪಾಗಿ ಕಂಡರೆ ನಷ್ಟವು ಅವನದೇ; ಹೊರಗೆ ಬೆಳ್ಳಗೆ ಕಂಡು ಒಳಗೆ ಕೆಟ್ಟ ಕೊಬ್ಬರಿ ಅವನ ಉಗ್ರಾಣಕ್ಕೇ ಹೋಗುತ್ತದೆ. ನೋಟವು ಸ್ವತಂತ್ರ, ತಪ್ಪಿನ ಹೊಣೆ ಸ್ವಂತ: ಇವೆರಡೂ ಕೂಡಿದಲ್ಲಿ ಬೆಲೆಯು ಗುಣದ ಸಮೀಪಕ್ಕೆ ಬರುತ್ತದೆ.

ಸಮೀಪಕ್ಕೆ ಎಂದೆವೇ ಹೊರತು ಗುಣವೇ ಬೆಲೆ ಎನ್ನಲಿಲ್ಲ. ೨೦೨೩ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಯನ್ನು ಸಾರಿತ್ತು. ಮಾರುಕಟ್ಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗೆ ಇಳಿದು ರೈತರು ಬೀದಿಗೆ ಬಂದರು. ೨೦೨೫ರಲ್ಲಿ ಧಾರಣೆಯು ೨೦,೦೦೦ ರೂಪಾಯಿಯನ್ನು ದಾಟಿತು. ಕೊಬ್ಬರಿಯ ಗುಣ ಎರಡು ವರ್ಷಗಳಲ್ಲಿ ಇಮ್ಮಡಿಯಾದುದಿಲ್ಲ. ಆದುದರಿಂದ ಧಾರಣೆಯು ಗುಣವನ್ನು ಹೇಳುವುದಿಲ್ಲ. ಅದು ಬೆಳೆ, ಬೇಡಿಕೆ, ಕೊರತೆಗಳನ್ನು ಹೇಳುತ್ತದೆ. ಗುಣವನ್ನು ಹೇಳುವುದು ಒಂದೇ ದಿನದಲ್ಲಿ ಒಂದು ರಾಶಿಗೂ ಇನ್ನೊಂದು ರಾಶಿಗೂ ನಡುವೆ ಬೀಳುವ ಅಂತರ. ವರ್ತಕರು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡರೆ ಆ ಅಂತರವೂ ಸುಳ್ಳಾಗುತ್ತದೆ. ಮಾರುಕಟ್ಟೆಯನ್ನು ಆದರ್ಶವೆಂದು ನಾವು ಎತ್ತಿ ಹೇಳುತ್ತಿಲ್ಲ. ಅದರಿಂದ ಕಲಿಯತಕ್ಕ ಒಂದು ನಿಯಮವನ್ನು ಮಾತ್ರ ಎತ್ತಿಕೊಂಡಿದ್ದೇವೆ.

೪

ಆ ನಿಯಮವನ್ನು ಸ್ಟೀಮ್ ಜಾಲಕ್ಕೆ ಅನ್ವಯಿಸಿದಾಗ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಮತಗಳು ಬಹಿರಂಗ. ಯಾರು ಯಾವ ಹೊತ್ತಿಗೆ ಯಾವ ಬರಹಕ್ಕೆ ಎಷ್ಟು ತೂಕ ಕೊಟ್ಟರೆಂಬುದು ಎಲ್ಲರಿಗೂ ಕಾಣುತ್ತದೆ. ಮತವಿತ್ತವನ ಗಂಟು ಕರಗುವುದಿಲ್ಲ. ಕಳಪೆ ಬರಹಕ್ಕೆ ಮತವಿತ್ತರೆ ಅದು ಅವನ ಉಗ್ರಾಣವನ್ನು ಸೇರುವುದಿಲ್ಲ. ನಷ್ಟವೇನಿದ್ದರೂ ಸಾಮಾನ್ಯ ನಿಧಿಗೆ. ಅವನ ಲಾಭವಾದರೋ ಬರಹದ ಗುಣವನ್ನು ಅವಲಂಬಿಸಿರಲಿಲ್ಲ. ತನ್ನ ಹಿಂದೆ ಎಷ್ಟು ತೂಕದವರು ಬಂದು ಅದಕ್ಕೇ ಮತವಿತ್ತರೆಂಬುದನ್ನು ಅವಲಂಬಿಸಿತ್ತು.

ಇಂಥ ಸ್ಥಿತಿಯಲ್ಲಿ ಮತದಾರನು ಯಾವ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾನೆ? “ಈ ಬರಹ ಚೆನ್ನಾಗಿದೆಯೆ?” ಎಂದಲ್ಲ; “ಇದಕ್ಕೆ ದೊಡ್ಡವರು ಮತ ಕೊಡುವರೆ?” ಎಂದು. ಅರ್ಥಶಾಸ್ತ್ರಜ್ಞ ಕೇನ್ಸ್ ೧೯೩೬ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಷೇರುಪೇಟೆಯನ್ನು ವಿವರಿಸುತ್ತ ವೃತ್ತಪತ್ರಿಕೆಯ ಸ್ಪರ್ಧೆಯೊಂದರ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಅನೇಕ ಭಾವಚಿತ್ರಗಳಲ್ಲಿ ಅತ್ಯಂತ ಸುಂದರವಾದವುಗಳನ್ನು ಆರಿಸಬೇಕು. ಎಲ್ಲ ಸ್ಪರ್ಧಿಗಳ ಒಟ್ಟು ಒಲವಿಗೆ ಯಾರ ಆಯ್ಕೆ ಹತ್ತಿರವೋ ಅವರಿಗೆ ಬಹುಮಾನ. ಆಗ ಜಾಣನಾದವನು ತನಗೆ ಸುಂದರವೆಂದು ತೋರಿದ ಮುಖವನ್ನು ಬಿಟ್ಟು, ಇತರರಿಗೆ ಸುಂದರವೆಂದು ತೋರಬಹುದಾದ ಮುಖವನ್ನು ಹುಡುಕುತ್ತಾನೆ. ಇತರರೂ ಅದನ್ನೇ ಮಾಡುತ್ತಿರುವುದರಿಂದ ಕೊನೆಗೆ ಎಲ್ಲರೂ ಎಲ್ಲರ ಊಹೆಯನ್ನು ಊಹಿಸುತ್ತ ಕೂಡುತ್ತಾರೆ. ಮುಖವನ್ನು ನೋಡುವವರೇ ಇಲ್ಲವಾಗುತ್ತಾರೆ. ಷೇರಿನ ಬೆಲೆ ಊಹಿಸುವವನಿಗೆ ಇದು ಕಸುಬು. ಭಾವಕನಿಗೆ ಇದು ಸ್ವಧರ್ಮದ ನಾಶ.

ನಡೆದದ್ದೂ ಹಾಗೆಯೇ. ಬರಹವನ್ನು ಓದದೆ, ಲೇಖಕನ ಹೆಸರನ್ನು ನೋಡಿಯೇ ಮತ ಕೊಡುವ ಸ್ವಯಂಚಾಲಿತ ಯಂತ್ರಗಳು ಹುಟ್ಟಿಕೊಂಡವು. ಇವುಗಳನ್ನು ತಡೆಯುವುದಕ್ಕೆ ಜಾಲದಲ್ಲಿ ಒಂದು ಉಪಾಯವಿತ್ತು: ಬರಹ ಹೊರಬಿದ್ದ ಮೊದಲ ೩೦ ನಿಮಿಷಗಳೊಳಗೆ ಮತವಿತ್ತವನ ಕೂಲಿಯಲ್ಲಿ, ಹೊತ್ತಿನ ಅವಸರಕ್ಕೆ ತಕ್ಕಂತೆ, ಕಡಿತ. ಈ ಅವಧಿಯನ್ನು ೨೦೧೮ರ ಸೆಪ್ಟೆಂಬರಿನಲ್ಲಿ ೧೫ ನಿಮಿಷಕ್ಕೂ ೨೦೧೯ರ ಆಗಸ್ಟಿನಲ್ಲಿ ೫ ನಿಮಿಷಕ್ಕೂ ಇಳಿಸಲಾಯಿತು. ಉಪಾಯದ ಫಲವಾಗಿ ಯಂತ್ರಗಳು ಓದುವುದನ್ನು ಕಲಿಯಲಿಲ್ಲ, ಕಾಯುವುದನ್ನು ಕಲಿತವು. ಕಡಿತ ಮತ್ತು ಲಾಭ ಎರಡನ್ನೂ ತೂಗಿ ತಕ್ಕ ನಿಮಿಷದಲ್ಲಿ ಮತ ಚೆಲ್ಲಿದವು. ೨೦೧೭ರಿಂದ ಮತಗಳನ್ನೇ ಹರಾಜಿಗಿಟ್ಟ ಯಂತ್ರಗಳು ಪ್ರಬಲವಾದವು. ಲೇಖಕನು ಹಣ ಕಳುಹಿಸಿದರೆ, ಆ ಸುತ್ತಿನಲ್ಲಿ ಹಣ ಕಳುಹಿಸಿದವರೆಲ್ಲರ ನಡುವೆ ಮತದ ತೂಕವನ್ನು ಹಂಚಲಾಗುತ್ತಿತ್ತು. ತಿಪಟೂರಿನಲ್ಲಿ ಕೊಳ್ಳುವವನು ಬೆಲೆ ನುಡಿಯುತ್ತಾನೆ. ಇಲ್ಲಿ ಮಾರುವವನೇ ದುಡ್ಡು ಕೊಟ್ಟು ತನ್ನ ಸರಕಿಗೆ ಮೇಲಿನ ಬೆಲೆ ಬರೆಸಿಕೊಳ್ಳುತ್ತಿದ್ದನು. ಅಂಥ ಪಟ್ಟಿಯಲ್ಲಿ ಮೇಲೆ ಕಂಡ ಬರಹವು ಗುಣದಿಂದ ಮೇಲೆ ಬಂದಿತೋ ಗಂಟಿನಿಂದ ಬಂದಿತೋ ಎಂದು ಓದುಗನಿಗೆ ತಿಳಿಯುವ ಬಗೆ ಇರಲಿಲ್ಲ. ನಾಣ್ಯದ ಧಾರಣೆಯೂ ೨೦೧೮ರ ಜನವರಿಯಲ್ಲಿ ಎಂಟು ಡಾಲರಿನ ಸಮೀಪಕ್ಕೆ ಏರಿ, ಆ ವರ್ಷದ ಕೊನೆಗೆ ಅರ್ಧ ಡಾಲರಿಗಿಂತ ಕೆಳಗೆ ಇಳಿಯಿತು. ಕೊಬ್ಬರಿಯ ಧಾರಣೆಯೂ ಏರಿಳಿಯುವುದನ್ನು ಕಂಡೆವು. ಆದರೆ ಅಲ್ಲಿ ಒಂದೇ ದಿನದ ರಾಶಿಗಳ ನಡುವಿನ ಅಂತರಕ್ಕಾದರೂ ಅರ್ಥವಿರುತ್ತಿತ್ತು. ಇಲ್ಲಿ ಆ ಅಂತರಕ್ಕೂ ಅರ್ಥವಳಿಯಿತು.

೫

ರಾಜಶೇಖರನ ವಿಭಾಗವನ್ನು ಇಲ್ಲಿ ಸ್ಮರಿಸುವುದು ಉಚಿತ. ಭಾವಕರಲ್ಲಿ ಅರೋಚಕಿಗಳು, ಸತೃಣಾಭ್ಯವಹಾರಿಗಳು ಎಂಬ ಎರಡು ವರ್ಗಗಳನ್ನು ಹಿಂದಿನವರು ಹೇಳಿದ್ದರು. ಮತ್ಸರಿಗಳು, ತತ್ತ್ವಾಭಿನಿವೇಶಿಗಳು ಎಂಬ ಇನ್ನೆರಡನ್ನು ಸೇರಿಸಿ ಅವನು ನಾಲ್ಕಾಗಿ ಮಾಡಿದನು. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಸಮೇತವಾಗಿ ಉಣ್ಣುವವನು, ಎಂದರೆ ಕಾಳು ಹೊಟ್ಟುಗಳ ಭೇದವಿಲ್ಲದೆ ಬಂದುದನ್ನೆಲ್ಲ ನುಂಗುವವನು, ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಹೇಳಲಾರದವನು ಮತ್ಸರಿ. ಕಾವ್ಯದ ನಿಜವನ್ನು ಹೊಕ್ಕು ನೋಡುವವನು ತತ್ತ್ವಾಭಿನಿವೇಶಿ. ಇಂಥವನು ಸಾವಿರಕ್ಕೊಬ್ಬ ದೊರೆತರೆ ಪುಣ್ಯವೆಂಬ ಭಾವನೆ ರಾಜಶೇಖರನದು.

ಜಾಲದ ಇತಿಹಾಸದಲ್ಲಿ ಈ ನಾಲ್ವರೂ ಕಾಣಿಸಿಕೊಳ್ಳುತ್ತಾರೆ. ಹೆಸರು ನೋಡಿ ಮತ ಚೆಲ್ಲುವ ಯಂತ್ರವು ಸತೃಣಾಭ್ಯವಹಾರಿಯ ಪರಮಾವಧಿ. ಅದಕ್ಕೆ ಹುಲ್ಲೂ ಅನ್ನವೂ ಒಂದೇ. ಬರಹದ ಗಳಿಕೆಯನ್ನು ಇಳಿಸುವ ವಿರುದ್ಧಮತಕ್ಕೆ ೨೦೧೯ರ ಆಗಸ್ಟಿನಲ್ಲಿ ಪ್ರತ್ಯೇಕವಾದ ಶಕ್ತಿಯನ್ನು ಕೊಟ್ಟದ್ದು ಕೊಂಡ ಮತಗಳನ್ನು ದಂಡಿಸುವುದಕ್ಕೆ. ಅದು ಆ ಕೆಲಸವನ್ನು ಒಂದು ಮಟ್ಟಿಗೆ ಮಾಡಿತೆಂಬುದನ್ನು ಒಪ್ಪಬೇಕು. ಆದರೆ ಕಾರಣ ಹೇಳಬೇಕೆಂಬ ಕಟ್ಟಳೆಯಿಲ್ಲದ ವಿರುದ್ಧಮತವು ಅರೋಚಕಿಗೂ ಮತ್ಸರಿಗೂ ಒಂದೇ ಆಯುಧವಾಗುತ್ತದೆ. ಏಟು ಬಿದ್ದವನಿಗೆ ಹೊಡೆದವನು ಯಾರೆಂಬುದು ತಿಳಿಯುತ್ತದೆ, ಏಕೆಂಬುದು ತಿಳಿಯದು.

ತತ್ತ್ವಾಭಿನಿವೇಶಿಗಳೂ ಇಲ್ಲದಿರಲಿಲ್ಲ. ೨೦೧೬ರಲ್ಲಿಯೇ ಹುಟ್ಟಿದ ‘ಕ್ಯೂರಿ’ ಎಂಬ ಆಯ್ಕೆಗಾರರ ಕೂಟವು, ಹೆಸರಿಲ್ಲದ ಹೊಸ ಲೇಖಕರ ಒಳ್ಳೆಯ ಬರಹಗಳು ಮತವಿಲ್ಲದೆ ಮುಳುಗುವುದನ್ನು ಕಂಡು, ಅವುಗಳನ್ನು ಹುಡುಕುವುದನ್ನೇ ಕೆಲಸವಾಗಿ ಕೈಕೊಂಡಿತು. ಸದಸ್ಯರು ಓದಿ ಸೂಚಿಸಬೇಕು. ಸೂಚನೆಯನ್ನು ಮತ್ತೊಬ್ಬರು ಪರಿಶೀಲಿಸಬೇಕು. ಒಪ್ಪಿಗೆಯಾದರೆ ಹೆಚ್ಚಿನ ತೂಕದ ಮತಗಳು ಒಟ್ಟಾಗಿ ಆ ಬರಹಕ್ಕೆ ಸಲ್ಲಬೇಕು. ಹುಡುಕಿದವನಿಗೆ ಹುಡುಕಿದ್ದಕ್ಕಾಗಿ ಒಂದು ಕೂಲಿ. ಇಲ್ಲಿ ಕೂಲಿಯ ಅಳತೆ ಬದಲಾದುದನ್ನು ಗಮನಿಸಬೇಕು. ಅಪರಿಚಿತರ ಗುಂಪು ತನ್ನ ಹಿಂದೆ ಬರುವುದೋ ಇಲ್ಲವೋ ಎಂಬ ಊಹೆಗೆ ಬದಲಾಗಿ, ಓದಿದ ಮತ್ತೊಬ್ಬನನ್ನು ಒಪ್ಪಿಸಬಲ್ಲೆನೇ ಎಂಬ ಪರೀಕ್ಷೆಗೆ ಕೂಲಿ ಕಟ್ಟುಬಿದ್ದಿದೆ. ಜಾಲದ ಸೂತ್ರವು ಮಾಡದ ಕೆಲಸವನ್ನು ಸೂತ್ರದ ಹೊರಗೆ ಮನುಷ್ಯರು ಕೂಡಿ ಮಾಡಿದರು. ಈ ಪ್ರಯೋಗದಲ್ಲಿ ನಾವು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುವುದು ಇದನ್ನೇ.

ಸೂತ್ರದ ಕರ್ತರೂ ದೋಷವನ್ನು ಕಾಣದೆ ಇರಲಿಲ್ಲ. ೨೦೧೯ರಲ್ಲಿ ಆಯ್ಕೆಗಾರರ ಪಾಲನ್ನು ಅರ್ಧಕ್ಕೆ ಏರಿಸಿದ್ದು, ಮತವನ್ನು ಮಾರುವುದಕ್ಕಿಂತ ಒಳ್ಳೆಯ ಬರಹಕ್ಕೆ ಕೊಡುವುದೇ ಲಾಭಕರವಾಗಲೆಂದು. ಆದರೆ ಕೂಲಿ ಹೆಚ್ಚಿತೇ ಹೊರತು ಕೊಳಗ ಬದಲಾಗಲಿಲ್ಲ. ಆ ಹೆಚ್ಚಳವೂ ಲೇಖಕನ ಪಾಲಿನಿಂದ ಬಂದಿತು. ೨೦೨೦ರ ಫೆಬ್ರವರಿಯಲ್ಲಿ ಸ್ಟೀಮಿಟ್ ಸಂಸ್ಥೆಯನ್ನು ಟ್ರಾನ್ ಜಾಲದ ಜಸ್ಟಿನ್ ಸನ್ ಕೊಂಡ ಬಳಿಕ ಎದ್ದ ವಿವಾದದಲ್ಲಿ ಸಮುದಾಯದ ಒಂದು ಭಾಗವು ಮಾರ್ಚಿ ೨೦ರಂದು ಹೈವ್ ಎಂಬ ಬೇರೆ ಜಾಲವಾಗಿ ಒಡೆಯಿತು. ಹೈವ್ ೨೦೨೧ರ ಜೂನ್ ೩೦ರಂದು ಒಂದು ತಿದ್ದುಪಡಿಯನ್ನು ಮಾಡಿಕೊಂಡಿತು: ಬರಹ ಹೊರಬಿದ್ದ ಮೊದಲ ೨೪ ಗಂಟೆಗಳಲ್ಲಿ ಎಂದು ಮತವಿತ್ತರೂ ಆಯ್ಕೆಯ ಕೂಲಿಯಲ್ಲಿ ಮುಂಚೆ ಬಂದವನಿಗೆ ಮೇಲುಗೈಯಿಲ್ಲ. ನಿಮಿಷಗಳ ಓಟ ನಿಂತಿತು. ಓದುವುದಕ್ಕೆ ಒಂದು ಹಗಲು ಒಂದು ಇರುಳು ದೊರೆಯಿತು. ಇದು ನಿಜವಾದ ಸುಧಾರಣೆ. ಆದರೆ ಇದರಿಂದ ಇನ್ನೊಂದು ಸಂಗತಿಯೂ ಸಿದ್ಧವಾಯಿತು. ಮೊದಲು ಕಂಡವನಿಗೆ ಹೆಚ್ಚಿನ ಕೂಲಿ ಎಂಬ ಮೂಲತತ್ತ್ವವನ್ನೇ ಬಿಟ್ಟುಕೊಡಬೇಕಾಯಿತು. ಏಕೆಂದರೆ ಮೊದಲು ಕಂಡವನು ಯಾರು, ಮೊದಲು ಒತ್ತಿದವನು ಯಾರು ಎಂಬ ಭೇದವನ್ನು ಲೆಕ್ಕದ ಪುಸ್ತಕ ಅರಿಯದು.

೬

ಕಾಲದ ವಿಷಯವಾಗಿ ಇನ್ನೊಂದು ಮಾತು ಉಳಿದಿದೆ. ಉಂಡೆ ಕೊಬ್ಬರಿಗೆ ಅಟ್ಟದ ಮೇಲೆ ವರ್ಷವೊಂದರಷ್ಟು ಕಾಲ ಬೇಕು. ಬರಹದ ಗುಣ ಏಳು ದಿನಗಳಲ್ಲಿ ತೀರ್ಮಾನವಾಗಬೇಕೆಂಬ ಕಟ್ಟಳೆಯು ಅಂದಂದಿನ ಸುದ್ದಿಗೆ ಒಪ್ಪಬಹುದು; ಸಾಹಿತ್ಯಕ್ಕೆ ಒಪ್ಪದು. ಎಳೆಯ ಕಾಯನ್ನು ಒಡೆದು ಕೊಬ್ಬರಿಯಿಲ್ಲವೆಂದು ಎಸೆದರೆ ತಪ್ಪು ಕಾಯದಲ್ಲ.

ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಮಲ್ಲಿಕಾರ್ಜುನನು ಹಿಂದಿನ ಕನ್ನಡ ಕವಿಗಳ ಪದ್ಯಗಳನ್ನು ವರ್ಣನೆಗಳ ವಿಷಯಾನುಸಾರವಾಗಿ ಆರಿಸಿ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಹದಿನಾರನೆಯ ಶತಮಾನದಲ್ಲಿ ಅಭಿನವವಾದಿ ವಿದ್ಯಾನಂದನು ‘ಕಾವ್ಯಸಾರ’ದಲ್ಲಿ ಅಂಥದೇ ಕೆಲಸವನ್ನು ಮಾಡಿದನು. ಮೊದಲನೆಯ ಗುಣವರ್ಮನ ಕಾವ್ಯಗಳು ನಮಗೆ ದೊರೆತಿಲ್ಲ; ಅವನ ವಾಣಿಯ ಪರಿಚಯವು ನಮಗೆ ಉಳಿದಿರುವುದು ಇಂಥ ಸಂಕಲನಗಳಿಂದ ಮತ್ತು ಲಕ್ಷಣಗ್ರಂಥಗಳ ಉದಾಹರಣೆಗಳಿಂದ. ಗುಣವರ್ಮನಿಗೂ ಮಲ್ಲಿಕಾರ್ಜುನನಿಗೂ ನಡುವೆ ಮುನ್ನೂರು ವರ್ಷಗಳಿಗೆ ಮೀರಿದ ಅಂತರವಿದೆ. ಆ ಪದ್ಯಗಳಿಗೆ ಮುನ್ನೂರು ವರ್ಷಗಳ ಮೇಲೆ ಬಿದ್ದ ಒಂದು ಮತವು ಅವುಗಳನ್ನು ಕಾಪಾಡಿತು. ಯಾವ ಜಾಲದ ಸೂತ್ರದಲ್ಲಿಯೂ ಆ ಮತಕ್ಕೆ ಕಾಸಿನ ಬೆಲೆಯಿಲ್ಲ.

ಸಂಕಲನಕಾರನು ತಪ್ಪುವುದಿಲ್ಲವೆಂದು ನಾವು ಹೇಳುವುದಿಲ್ಲ. ಹದಿನೆಂಟು ವರ್ಣನೆಗಳ ಚೌಕಟ್ಟಿಗೆ ಒಪ್ಪದ ಎಷ್ಟೋ ಪದ್ಯಗಳು ಬಿಟ್ಟುಹೋಗಿ ಮೂಲಗ್ರಂಥಗಳೊಡನೆಯೇ ಅಳಿದಿರಬೇಕು. ಆಯ್ಕೆಯೆಂದರೆ ಉಳಿಸುವುದು ಮಾತ್ರವಲ್ಲ, ಬಿಡುವುದೂ ಹೌದು. ಆಯ್ಕೆಗಾರನ ಹೊಣೆ ಭಾರವಾದುದು ಈ ಕಾರಣದಿಂದಲೇ. ಈ ವಿಷಯದಲ್ಲಿ ಜಾಲವು ನಮಗಿಂತ ಮೇಲು ಎನ್ನಬೇಕು. ಅಲ್ಲಿ ಯಾರೂ ಆರಿಸದ ಬರಹವೂ ಪುಸ್ತಕದಲ್ಲಿ ಉಳಿದಿರುತ್ತದೆ, ಮುಂದಿನ ಮಲ್ಲಿಕಾರ್ಜುನನಿಗಾಗಿ ಕಾದಿರುತ್ತದೆ. ಅಟ್ಟವನ್ನು ಕಟ್ಟಿದ್ದಾರೆ, ಕಾಯುವ ತಾಳ್ಮೆಯನ್ನು ಮಾತ್ರ ಸೂತ್ರದಲ್ಲಿ ಸೇರಿಸಲಿಲ್ಲ.

೭

ಕನ್ನಡದ ದೃಷ್ಟಿಯಿಂದ ಇದರಲ್ಲಿ ಇರುವ ಅಪಾಯವನ್ನು ವಿಶದಪಡಿಸುವುದು ಅವಶ್ಯಕ. ಮತದ ತೂಕವು ನಾಣ್ಯದಿಂದ ಬರುವಲ್ಲಿ, ಭಾಷೆಯನ್ನರಿಯದವನ ಮತವೂ ಅರಿತವನ ಮತಕ್ಕಿಂತ ನೂರು ಪಟ್ಟು ತೂಗಬಹುದು. ಲಕ್ಷಾಂತರ ಓದುಗರು ಕೂಡಿರುವ ದೊಡ್ಡ ಭಾಷೆಯಲ್ಲಿ ಈ ದೋಷವು ಒಂದು ಮಟ್ಟಿಗೆ ಮುಚ್ಚಿಹೋಗುತ್ತದೆ. ಓದುಗರು ವಿರಳವಾಗಿರುವಲ್ಲಿ ಅದೇ ನಿರ್ಣಾಯಕವಾಗುತ್ತದೆ: ತುರುವೇಕೆರೆಯ ತರುಣನೊಬ್ಬ ತನ್ನ ಊರಿನ ಮಾತಿನಲ್ಲಿ ಬರೆದ ಒಳ್ಳೆಯ ಕಥೆಯ ಗತಿಯನ್ನು, ಅದರ ಒಂದು ಅಕ್ಷರವನ್ನೂ ಓದಲಾರದ ಯಂತ್ರಗಳೂ ಧನಿಕರೂ ನಿಶ್ಚಯಿಸುತ್ತಾರೆ. ಇದು ಈ ಒಂದು ಜಾಲದ ಮಾತಲ್ಲ. ಎಷ್ಟು ಜನ ಮೆಚ್ಚಿದರು ಎಂಬ ಅಂಕಿಯನ್ನು ಮುಂದಿಟ್ಟು ಅನಂತರ ಬರಹವನ್ನು ತೋರಿಸುವ ಎಲ್ಲ ವ್ಯವಸ್ಥೆಗಳಲ್ಲಿಯೂ ಓದುಗನು ತನ್ನ ನಾಲಗೆಯನ್ನು ನಂಬುವ ಮೊದಲೇ ನೆರೆಯವನ ಮುಖವನ್ನು ನೋಡುವ ಅಭ್ಯಾಸಕ್ಕೆ ಬೀಳುತ್ತಾನೆ. ಸ್ಟೀಮ್ ಜಾಲದ ವಿಶೇಷವೆಂದರೆ, ಆ ಅಭ್ಯಾಸಕ್ಕೆ ಅದು ಬಹಿರಂಗವಾಗಿ ಸಂಬಳ ಕೊಟ್ಟಿತು. ಆದುದರಿಂದ ರೋಗವು ಅಲ್ಲಿ ಸ್ಪಷ್ಟವಾಗಿ ಕಾಣಸಿಕ್ಕಿತು.

ತೀ. ನಂ. ಶ್ರೀ. ಅವರು ಸಂಸ್ಕೃತ ಪ್ರಾಕೃತಗಳ ಮುಕ್ತಕಗಳಲ್ಲಿ ಮೆಚ್ಚಿದವುಗಳನ್ನು ಆರಿಸಿ ಕನ್ನಡಿಸಿದರು. ಆ ಕೃತಿಯೇ ‘ಬಿಡಿಮುತ್ತು’. ಅವರು ಮೀಮಾಂಸಕರು ಮಾತ್ರವಲ್ಲದೆ ಆಯ್ಕೆಗಾರರೂ ಆಗಿದ್ದರು. ಅವರ ಆಯ್ಕೆಯ ಹೊಣೆ ಹೇಗೆ ಸಲ್ಲಿತು? ಆರಿಸಿದ ಒಂದೊಂದು ಪದ್ಯವನ್ನೂ ಕನ್ನಡಕ್ಕೆ ತರುವ ಶ್ರಮವನ್ನು ತಾವೇ ಹೊತ್ತುದರಿಂದ. ತನಗೇನೂ ವೆಚ್ಚವಾಗದ ಮೆಚ್ಚಿಕೆಯು ಆಯ್ಕೆಯಾಗಲಾರದು. ವರ್ತಕನು ಹಣದಿಂದ ವೆಚ್ಚಮಾಡುತ್ತಾನೆ. ಭಾವಕನು ವೇಳೆಯಿಂದ, ಹೆಸರಿನಿಂದ, ಕೊಟ್ಟ ಕಾರಣದಿಂದ ವೆಚ್ಚಮಾಡುತ್ತಾನೆ. ಕೊಟ್ಟ ಕಾರಣವು ತಪ್ಪೆಂದು ನಾಳೆ ಸಿದ್ಧವಾದರೆ ಅದೇ ಅವನ ನಷ್ಟ.

ಹೀಗಿರಲು, ನಮ್ಮ ನಿರ್ಣಯವನ್ನು ಸಂಗ್ರಹಿಸಿ ಹೇಳಬಹುದು. ಭಾವಕನಿಗೆ ಕೂಲಿ ಸಲ್ಲಬೇಕು. ಆದರೆ ಅದನ್ನು ಇತರರ ಒಪ್ಪಿಗೆಯಿಂದ ಅಳೆಯಬಾರದು. ಅವನ ನೋಟವು ಇತರರ ನೋಟವನ್ನು ಕಾಣುವ ಮೊದಲೇ ದಾಖಲಾಗಬೇಕು. ಮೆಚ್ಚಿದರೂ ಬಿಟ್ಟರೂ ಕಾರಣವನ್ನು ಬರೆಯಬೇಕು. ತಡವಾಗಿ ಬಂದ ಮೆಚ್ಚಿಕೆಗೂ ಸ್ಥಾನವಿರಬೇಕು. ಈ ನಾಲ್ಕನ್ನು ನಾವು ಜಾಲದವರಿಗೆ ಹೇಳುವ ಮುನ್ನ ನಮಗೇ ಹೇಳಿಕೊಳ್ಳುವುದು ನ್ಯಾಯ. ಈ ವಾರ್ಷಿಕ ಸಂಚಿಕೆಯಂಥವುಗಳಿಗೂ ಲೇಖನಗಳು ಬರುತ್ತವೆ. ಕೆಲವು ಅಚ್ಚಾಗುತ್ತವೆ, ಕೆಲವು ಹಿಂದಿರುಗುತ್ತವೆ. ಪರಿಶೀಲಕರು ಒಂದೇ ಮೇಜಿನ ಸುತ್ತ ಕುಳಿತು, ಹಿರಿಯರ ಮುಖವನ್ನು ನೋಡಿ ಕಿರಿಯರು ತಲೆದೂಗಿದರೆ, ಅಲ್ಲಿಯೂ ತೂಕದ ಮತವೇ ನಡೆಯಿತು. ನಾಣ್ಯದ ಬದಲು ಪದವಿಯ ತೂಕ, ಅಷ್ಟೇ. ಕಾರಣ ಹೇಳದೆ ಹಿಂದಿರುಗಿದ ಲೇಖನವು ವಿರುದ್ಧಮತದ ಏಟು ತಿಂದ ಬರಹಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಪಡೆಯಿತೆನ್ನಲಾಗದು.

ಆದುದರಿಂದ, ಪ್ರತಿಯೊಬ್ಬ ಪರಿಶೀಲಕನೂ ತನ್ನ ಅಭಿಪ್ರಾಯವನ್ನು ಬೇರೆಬೇರೆಯಾಗಿ ಬರೆದು ಮುಚ್ಚಿ ಕೊಟ್ಟ ಮೇಲೆಯೇ ಸಮಾಲೋಚನೆ ನಡೆಯಲಿ ಎಂದೂ, ಹಿಂದಿರುಗುವ ಪ್ರತಿಯೊಂದು ಲೇಖನದೊಡನೆ ಕಾರಣಗಳು ಹೋಗಲಿ ಎಂದೂ, ಬಿಟ್ಟ ಲೇಖನಗಳ ಪಟ್ಟಿಯನ್ನು ಐದು ವರ್ಷಗಳಿಗೊಮ್ಮೆ ತೆರೆದು ನೋಡುವ ಪದ್ಧತಿ ಬರಲಿ ಎಂದೂ ನಾವು ಸೂಚಿಸುತ್ತೇವೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿಗೆ ಸಲ್ಲುವ ನ್ಯಾಯವು ಬರಹಕ್ಕೂ ಸಲ್ಲಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.